ಊಟಕ್ಕೆ ಬಾರದವಳನ್ನು ಮೊದಲು ಗಮನಿಸುವವರು

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದರಲ್ಲಿ ಕಾಲೇಜು, ವಿಶ್ವವಿದ್ಯಾಲಯ, ಹಾಸ್ಟೆಲ್ ನಡೆಸುವವರೆಲ್ಲ ನಿಧಾನವಾಗಿ ಓದಬೇಕಾದ ಒಂದು ಅಂಶವಿದೆ. ವಿಶಾಖಪಟ್ಟಣದಲ್ಲಿದ್ದುಕೊಂಡು ನೀಟ್‌ಗೆ ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯ ಸಾವಿನ ಪ್ರಕರಣ ಅದು. ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅದರ ಜೊತೆಗೇ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯವಾಗುವ 15 ಮಾರ್ಗಸೂಚಿಗಳನ್ನು ಹೊರಡಿಸಿತು. ಅವುಗಳಲ್ಲೊಂದು ಹೀಗಿದೆ: ಬೋಧಕ, ಬೋಧಕೇತರ ಸಿಬ್ಬಂದಿಯೆಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸಬೇಕು. ಅಪಾಯದ ಸುಳಿವುಗಳನ್ನು ಗುರುತಿಸುವುದು, ತಮಗೆ ತಾವೇ ಹಾನಿ ಮಾಡಿಕೊಳ್ಳಲು ಹೊರಟವರ ಜೊತೆ ನಡೆದುಕೊಳ್ಳುವ ಬಗೆ, ಅವರನ್ನು ಯಾರ ಬಳಿಗೆ ಕಳಿಸಬೇಕು ಎನ್ನುವುದು, ಇಷ್ಟನ್ನು ಅರ್ಹ ಪರಿಣತರಿಂದಲೇ ಕಲಿಸಬೇಕು.

ಪತ್ರಿಕೆಗಳಲ್ಲಿ ಈ ತೀರ್ಪಿನ ಸುದ್ದಿ ಬಂದಾಗ ಕೋಚಿಂಗ್ ಕೇಂದ್ರಗಳ ಒತ್ತಡದ ಮಾತೇ ದೊಡ್ಡದಾಯಿತು. ಕೋಟಾ, ಹೈದರಾಬಾದ್, ದೆಹಲಿಗಳ ಹೆಸರು ಬಂದವು. ‘ಬೋಧಕೇತರ’ ಎಂಬ ಭಾಗ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಿಂದ ನೋಡಿದರೆ ಇಡೀ ತೀರ್ಪಿನ ಜೀವ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ತಳಕು ಹೋಬಳಿಯ ಯಾವುದೋ ಹಟ್ಟಿಯಿಂದ ಓದಲು ಹೊರಡುವ ಹುಡುಗಿಯ ದಾರಿಯನ್ನು ನೆನೆಸಿಕೊಳ್ಳಿ. ಬಳ್ಳಾರಿ ರಸ್ತೆಯ ಬಸ್ಸು ಹಿಡಿದು ಚಳ್ಳಕೆರೆಗೆ ಬಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪದವಿ ಮುಗಿಸುತ್ತಾಳೆ. ಆಮೇಲೆ ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರಕ್ಕೋ ದಾವಣಗೆರೆಯ ಶಿವಗಂಗೋತ್ರಿಗೋ ಸೇರುತ್ತಾಳೆ. ಮನೆಯಲ್ಲಿ ಶೇಂಗಾ ಬಿತ್ತಿದವರು ಮಳೆ ನಂಬಿಕೊಂಡು ಕೂತಿರುತ್ತಾರೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ ಇದೆ. ಇಲ್ಲಿ ಕಾಳು ಕಟ್ಟುವ ಹೊತ್ತಿಗೆ ಒಂದು ಮಳೆ ಕೈಕೊಟ್ಟರೆ ಅದರ ಪೆಟ್ಟು ಮಗಳ ಹಾಸ್ಟೆಲ್ ಫೀಜಿಗೂ ತಗಲುತ್ತದೆ. ಆ ವರ್ಷ ಮನೆಯಿಂದ ಬರುವ ಫೋನಿನಲ್ಲಿ ಸಾಲದ ಮಾತು ಇರುತ್ತದೆ, ಅದರ ಬೆನ್ನಿಗೇ ಮದುವೆಯ ಮಾತು ಇರುತ್ತದೆ.

ಇವಳನ್ನು ದಿನವೂ ನೋಡುವವರು ಯಾರು? ಪ್ರಾಧ್ಯಾಪಕರು ದಿನಕ್ಕೆ ಒಂದು ತಾಸು, ಅದೂ ಇಡೀ ತರಗತಿಯ ನಡುವೆ. ಹಾಸ್ಟೆಲ್ಲಿನಲ್ಲಿ ಮುದ್ದೆ ತಿರುವುವ ಅಕ್ಕ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಕಾಣುತ್ತಾಳೆ. ತಟ್ಟೆ ಹಿಡಿದು ಬಂದವರು ಯಾರು, ಅರ್ಧಕ್ಕೇ ಕೈತೊಳೆದವರು ಯಾರು, ಎರಡು ದಿನದಿಂದ ರೂಮು ಬಿಟ್ಟು ಇಳಿಯದವರು ಯಾರು ಎನ್ನುವ ಲೆಕ್ಕ ಅವಳ ತಲೆಯಲ್ಲೇ ಇರುತ್ತದೆ. ಗೇಟಿನ ವಾಚ್‌ಮನ್ನನಿಗೆ ರಾತ್ರಿ ಹನ್ನೊಂದರ ಮೇಲೆ ಒಬ್ಬಳೇ ಅಂಗಳದಲ್ಲಿ ಅಡ್ಡಾಡುವವಳು ಗೊತ್ತು. ಲೈಬ್ರರಿಯ ಅಟೆಂಡರ್‌ಗೆ ದಿನವೂ ಬರುತ್ತಿದ್ದು ಈಗ ಬರುವುದನ್ನೇ ಬಿಟ್ಟವಳು ಗೊತ್ತು. ಸ್ಕಾಲರ್‌ಶಿಪ್ ಕೌಂಟರಿನ ಗುಮಾಸ್ತರ ಎದುರಿಗೆ ಅವಳು ಆಧಾರ್ ಜೋಡಣೆ ಆಗಿಲ್ಲವೆಂದು ನಾಲ್ಕನೆಯ ಸಲ ನಿಂತು ಕಣ್ಣೀರು ತಡೆದುಕೊಳ್ಳುತ್ತಿರುತ್ತಾಳೆ. ಪರೀಕ್ಷಾ ವಿಭಾಗದವರ ಎದುರಿಗೆ ಬಾರದ ಅಂಕಪಟ್ಟಿಗಾಗಿ ನಿಂತಿರುತ್ತಾಳೆ. ಸಂಕಟ ಮೊದಲು ಹೊರಬೀಳುವುದು ಇವರ ಮುಂದೆ. ಇವರಿಗೆ ಮಾತ್ರ ಯಾರೂ ಏನನ್ನೂ ಕಲಿಸಿಲ್ಲ.

ತಳಕು ಅಂದ ಕೂಡಲೇ ಕನ್ನಡದ ಓದುಗರಿಗೆ ನೆನಪಾಗುವುದು ಒಂದು ಮನೆತನ. ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಅದೇ ಮನೆಯ ತ.ರಾ.ಸು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾಗಿದ್ದ ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅದಾಗಿ ಹತ್ತು ವರ್ಷಗಳ ಮೇಲೆ ಅಚ್ಚಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಕುವೆಂಪು ಆ ಗುರುವಿಗೇ ಅರ್ಪಿಸಿದರು. ಮೇಷ್ಟ್ರಿಗೆ ಹುಡುಗರ ಹೆಸರು, ಊರು, ಮನೆಯ ಸ್ಥಿತಿಗತಿ ಗೊತ್ತಿರಬಹುದಾದಷ್ಟು ಚಿಕ್ಕ ತರಗತಿಗಳ ಕಾಲ ಅದು. ಇಂದು ಅದೇ ತಳಕಿನ ಮಗು ಸೇರುವ ವಿಶ್ವವಿದ್ಯಾಲಯ ಎರಡು ಜಿಲ್ಲೆಗಳ ಕಾಲೇಜುಗಳನ್ನು ಹೊತ್ತು ನಿಂತಿದೆ. ಸೆಮಿಸ್ಟರ್, ಮೌಲ್ಯಮಾಪನ, ನ್ಯಾಕ್ ಕಡತಗಳ ನಡುವೆ ಗುರುವಿಗೆ ಒಬ್ಬೊಬ್ಬರ ಮುಖ ನೋಡುವಷ್ಟು ಬಿಡುವಿಲ್ಲ. ಹಾಗಾಗಿ ಗಮನಿಸುವ ಕೆಲಸ ಅಡುಗೆಮನೆಗೆ, ಕೌಂಟರಿಗೆ, ಗೇಟಿಗೆ ದಾಟಿಕೊಂಡಿದೆ. ದಾಟಿಕೊಂಡದ್ದನ್ನು ಒಪ್ಪಿಕೊಂಡು ಅವರ ಕೈ ಬಲಪಡಿಸುವುದೇ ಈಗಿನ ಕೆಲಸ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಅವರಲ್ಲಿ ವಿದ್ಯಾರ್ಥಿಗಳೇ 13,044. ಇಂಥ ಪ್ರತಿಯೊಂದು ಸಾವಿನ ನಂತರವೂ ‘ಈಚೆಗೆ ಯಾಕೋ ಸಪ್ಪಗಿದ್ದಳು’ ಎನ್ನುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಕಂಡಿರುತ್ತದೆ. ಕಂಡ ಮೇಲೆ ಏನು ಮಾಡಬೇಕೆಂದು ತಿಳಿದಿರುವುದಿಲ್ಲ.

ತಿಳಿಸಿಕೊಡಬಹುದು ಎಂಬ ಯೋಚನೆ ಗಟ್ಟಿಯಾಗಿ ರೂಪ ಪಡೆದದ್ದು ಆಸ್ಟ್ರೇಲಿಯಾದಲ್ಲಿ. ಖಿನ್ನತೆಯನ್ನು ಸ್ವತಃ ಅನುಭವಿಸಿದ್ದ ಬೆಟ್ಟಿ ಕಿಚನರ್ ಎಂಬ ನರ್ಸ್, ಅವರ ಪತಿ ಪ್ರೊಫೆಸರ್ ಟೋನಿ ಜಾರ್ಮ್ ಸಂಜೆ ನಾಯಿ ಕರೆದುಕೊಂಡು ಅಡ್ಡಾಡುವಾಗ ಆಡಿದ ಮಾತಿನಿಂದ ಅದು ಹುಟ್ಟಿತಂತೆ. ಗಾಯಕ್ಕೆ, ಎದೆನೋವಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇವಲ್ಲ, ಮನಸ್ಸಿನ ನೋವಿಗೆ ಯಾಕೆ ಕಲಿಸಬಾರದು ಎಂಬುದು ಅವರ ಪ್ರಶ್ನೆ. 2000ನೇ ಇಸವಿಯಲ್ಲಿ ಕ್ಯಾನ್‌ಬೆರಾದಲ್ಲಿ ಶುರುವಾದ ಆ ಪಾಠ ಆಮೇಲೆ ಹತ್ತಾರು ದೇಶಗಳ ವಿಶ್ವವಿದ್ಯಾಲಯಗಳ ಸಿಬ್ಬಂದಿಯವರೆಗೂ ತಲುಪಿತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ವಿಪತ್ತಿನ ಸಂದರ್ಭಗಳಿಗಾಗಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇಂಥ ನೆರವನ್ನು ಮೂರು ಕೆಲಸಗಳಿಗೆ ಇಳಿಸಿತು: ನೋಡುವುದು, ಕಿವಿಗೊಡುವುದು, ನೆರವಿಗೆ ಜೋಡಿಸುವುದು.

ಈ ಮೂರು ಕೆಲಸ ನಮ್ಮ ಹಾಸ್ಟೆಲ್ ಅಡುಗೆಮನೆಯಲ್ಲಿ ಹೇಗಿರಬಹುದು? ನಾಲ್ಕು ದಿನದಿಂದ ಸರಿಯಾಗಿ ಉಣ್ಣದ ಹುಡುಗಿಯನ್ನು ಅಡುಗೆಯ ಅಕ್ಕ ಎಲ್ಲರೆದುರಿಗೆ ಗದರುವ ಬದಲು ಪಕ್ಕಕ್ಕೆ ಕರೆದು ಕೇಳುತ್ತಾಳೆ ಎಂದುಕೊಳ್ಳಿ.

‘ಯಾಕವ್ವಾ, ನಿನ್ನೆನೂ ಉಣ್ಣಲಿಲ್ಲ, ಇವತ್ತೂ ಉಣ್ಣಲಿಲ್ಲ. ಏನಾಗೈತೆ?’

‘ಏನಿಲ್ಲಕ್ಕಾ, ತಲೆನೋವು.’

‘ನಾಕ್ ದಿನದಿಂದ ಅದನ್ನೇ ಅಂತಿದ್ದೀಯ. ಪಾತ್ರೆ ಎತ್ತಿಟ್ಟು ಬರ್ತೀನಿ, ಇಲ್ಲೇ ಕಟ್ಟೆ ಮ್ಯಾಲೆ ಕುಂತ್ಕಳಾಣ.’

ಪ್ರಥಮ ಚಿಕಿತ್ಸೆಯ ಮೊದಲ ಹೆಜ್ಜೆ ಇಷ್ಟೇ. ಎರಡನೆಯದು ಕಷ್ಟದ್ದು. ಹುಡುಗಿ ಬಾಯಿಬಿಟ್ಟರೆ ಎದುರು ಮಾತಾಡದೆ ಕೇಳಬೇಕು. ‘ಧೈರ್ಯ ತಗೋ’, ‘ನಿನಗೇನು ಕಡಿಮೆ ಆಗೈತೆ’, ‘ನಮ್ ಕಾಲ್ದಾಗೆ ನಾವು ಎಷ್ಟು ಕಷ್ಟಪಟ್ಟೀವಿ ಗೊತ್ತಾ’ ಎಂಬ ಮಾತುಗಳು ಪ್ರೀತಿಯಿಂದಲೇ ಬರುತ್ತವೆ, ಆದರೆ ಹೇಳಹೊರಟವರ ಬಾಯಿ ಮುಚ್ಚಿಸುತ್ತವೆ. ನಮ್ಮ ಕಡೆ ಮನಸ್ಸಿನ ನೋವು ನೇರವಾಗಿ ಮನಸ್ಸಿನ ಹೆಸರು ಹೇಳಿಕೊಂಡು ಬರುವುದೂ ಅಪರೂಪ. ತಲೆಭಾರ, ಎದೆ ಹಿಂಡಿದಂತಾಗುವುದು, ಹೊಟ್ಟೆ ತೊಳಸುವುದು, ಮೈಕೈ ಸೋಲು, ನಿದ್ದೆ ಬಾರದಿರುವುದು, ಇವೇ ಅದರ ವೇಷಗಳು. ಗುಳಿಗೆ ಕೊಟ್ಟು ಕಳಿಸಿಬಿಟ್ಟರೆ ಬಾಗಿಲು ಅಲ್ಲಿಗೇ ಮುಚ್ಚಿತು.

ತರಬೇತಿಯಲ್ಲಿ ಜನ ಹೆಚ್ಚು ಹೆದರುವುದು ಒಂದು ಪ್ರಶ್ನೆಗೆ. ‘ಬದುಕೋದೇ ಬ್ಯಾಡ ಅನ್ನಿಸ್ತೈತಾ? ಜೀವ ಕಳ್ಕಬೇಕು ಅಂತ ಯೋಚ್ನೆ ಬಂದೈತಾ?’ ಎಂದು ಬಾಯಿಬಿಟ್ಟು ಕೇಳುವುದು ಹೇಗೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದರೆ ಎಂಬ ದಿಗಿಲು. ಮನೋವೈದ್ಯರು ಮತ್ತೆಮತ್ತೆ ಹೇಳುತ್ತ ಬಂದಿರುವುದು ಇದಕ್ಕೆ ತದ್ವಿರುದ್ಧ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಇಟ್ಟುಕೊಂಡು ಬೇಯುತ್ತಿದ್ದವರಿಗೆ ಒಬ್ಬರಾದರೂ ಕೇಳಿದರಲ್ಲ ಎಂಬ ಹಗುರ ಸಿಗುತ್ತದೆ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಡಬಾರದು, ಅಪಾಯದ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಬೇಕು, ಯಾರಿಗೂ ಹೇಳುವುದಿಲ್ಲವೆಂಬ ಆಣೆಗೆ ಸಿಕ್ಕಿಕೊಳ್ಳದೆ ಕೂಡಲೇ ವೈದ್ಯರನ್ನು ತಲುಪಬೇಕು. ಇಲ್ಲಿ ಯಾರನ್ನೂ ಮನೋವೈದ್ಯರನ್ನಾಗಿ ಮಾಡುವ ಉದ್ದೇಶವಿಲ್ಲ. ಹಾವು ಕಚ್ಚಿದ ಜಾಗವನ್ನು ಬ್ಲೇಡಿನಿಂದ ಕೊಯ್ಯಬೇಡಿ, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬೇಡಿ, ಬೇಗ ಆಸ್ಪತ್ರೆ ಮುಟ್ಟಿಸಿ ಎಂದು ಹಳ್ಳಿಗಳಲ್ಲಿ ಹೇಳುತ್ತಾರಲ್ಲ, ಅದೇ ಬಗೆಯ ತಿಳಿವಳಿಕೆ ಇದು.

ಪಕ್ಕದ ಬಳ್ಳಾರಿ ತೋರಿಸಿದ್ದು

‘ಅಡುಗೆಯವರು, ಅಟೆಂಡರ್‌ಗಳಿಗೆ ಇದೆಲ್ಲ ಹತ್ತುತ್ತದೆಯೇ’ ಎಂದು ಕೇಳುವವರಿದ್ದಾರೆ. ಅವರು ಮೊಳಕಾಲ್ಮುರಿನ ಗಡಿ ದಾಟಿದರೆ ಸಾಕು, ಉತ್ತರ ನಲವತ್ತು ವರ್ಷ ಹಳೆಯದು.

1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಅಲ್ಲಿನ ವೈದ್ಯರು ಅಂದು ಹುಡುಕುತ್ತಿದ್ದದ್ದು ಒಂದು ಸರಳ ಪ್ರಶ್ನೆಗೆ ಉತ್ತರವನ್ನು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ನಾಡಿನಲ್ಲಿ ಹಳ್ಳಿಯ ರೋಗಿಯನ್ನು ಗುರುತಿಸುವವರು ಯಾರು? ಹಳ್ಳಿಹಳ್ಳಿ ಸುತ್ತುವ ಆರೋಗ್ಯ ಸಹಾಯಕರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಇದನ್ನು ಕಲಿಸಬಹುದು ಎಂದು ಅಲ್ಲಿ ಮನದಟ್ಟಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಡೀ ಜಿಲ್ಲೆಯೊಂದರಲ್ಲಿ ಇದು ನಡೆದೀತೇ ಎಂದು ಒರೆಗೆ ಹಚ್ಚಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಸುಮಾರು 15 ಲಕ್ಷ ಜನಸಂಖ್ಯೆ, ದೊಡ್ಡ ಬಯಲು, ಬಿಸಿಲು, ಬಡತನ. ಎಲ್ಲದರಲ್ಲೂ ನಮ್ಮದೇ ಸೀಮೆಯ ಒಡಹುಟ್ಟಿದ ಜಿಲ್ಲೆ.

ಅಲ್ಲಿ ಮಾಡಿದ್ದರಲ್ಲಿ ಆಡಂಬರ ಇರಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಚಿಕ್ಕ ಅವಧಿಯ ತರಬೇತಿ ಕೊಟ್ಟರು. ಅಗತ್ಯವಾದ ಕೆಲವೇ ಔಷಧಿಗಳು ಕೇಂದ್ರಗಳಲ್ಲಿ ಸಿಗುವಂತೆ ಮಾಡಿದರು. ಸರಳ ದಾಖಲೆ ಇಟ್ಟರು. ಜಿಲ್ಲಾ ಮಟ್ಟದಲ್ಲಿ ಒಂದು ತಂಡವಿದ್ದು, ಕಲಿತವರ ಬೆನ್ನಿಗೆ ನಿಂತಿತು. ದೆವ್ವ ಮೆಟ್ಟಿದೆಯೆಂದು ಕಟ್ಟಿಹಾಕಿದ್ದ, ಗುಡಿಗಳಿಗೆ ಅಲೆಸಿದ್ದ ರೋಗಿಗಳನ್ನು ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡಿಕೊಳ್ಳಲು ಸಾಧ್ಯ ಎಂಬುದನ್ನು ಆ ಜಿಲ್ಲೆ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ‘ಬಳ್ಳಾರಿ ಮಾದರಿ’ಯ ಮೇಲೆಯೇ ನಿಂತಿದೆ. ಮೊಳಕಾಲ್ಮುರು, ರಾಂಪುರದ ಕಡೆಯವರು ಇಂದಿಗೂ ದೊಡ್ಡ ಆಸ್ಪತ್ರೆಯೆಂದರೆ ದುರ್ಗಕ್ಕಿಂತ ಹತ್ತಿರವೆಂದು ಬಳ್ಳಾರಿಯ ಬಸ್ಸು ಹತ್ತುತ್ತಾರೆ. ಆ ಊರು ಜಗತ್ತಿಗೆ ಕೊಟ್ಟ ಈ ಪಾಠ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಗಣಿಯ ಧೂಳಿನ ಸುದ್ದಿಯಲ್ಲಿ ಅದು ಮುಚ್ಚಿಹೋದದ್ದು ನನಗೆ ನಿಜವಾಗಿ ಬೇಸರದ ಸಂಗತಿ.

ಬಳ್ಳಾರಿಯ ಇನ್ನೊಂದು ಪಾಠವನ್ನೂ ಹೇಳಬೇಕು. ಮಾದರಿ ದೇಶಕ್ಕೆಲ್ಲ ಹರಡಿದಾಗ ಎಷ್ಟೋ ಕಡೆ ಸೊರಗಿತು. ಮನೋವೈದ್ಯರ ಹುದ್ದೆ ಖಾಲಿ, ತರಬೇತಿ ಒಂದು ಸಲಕ್ಕೇ ಮುಗಿಯಿತು, ಆಮೇಲೆ ವಿಚಾರಿಸುವವರಿಲ್ಲ. ಕಲಿತವರಿಗೆ ಅನುಮಾನ ಬಂದಾಗ ಕೇಳಲು ಒಂದು ದನಿ ಬೇಕು. ಅದಿಲ್ಲದಿದ್ದರೆ ಕಲಿತದ್ದು ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಸುಪ್ರೀಂ ಕೋರ್ಟ್ ‘ವರ್ಷಕ್ಕೆ ಎರಡು ಸಲ’ ಎಂದಿರುವುದರ ಹಿಂದೆ ಈ ವಿವೇಕವಿದೆ ಎಂದುಕೊಳ್ಳುತ್ತೇನೆ. ವಿಶ್ವವಿದ್ಯಾಲಯಗಳು ಅದನ್ನು ಎರಡು ಪ್ರಮಾಣಪತ್ರ, ಎರಡು ಗ್ರೂಪ್ ಫೋಟೊ ಎಂದು ಓದಿಕೊಂಡರೆ ಕೆಟ್ಟಿತು.

ಪ್ರಥಮ ಚಿಕಿತ್ಸೆಯ ಮಿತಿಯನ್ನೂ ಮುಚ್ಚಿಡಬಾರದು. ಹೊರದೇಶಗಳ ಅಧ್ಯಯನಗಳಲ್ಲಿ ತರಬೇತಿ ಪಡೆದವರ ತಿಳಿವಳಿಕೆ ಹೆಚ್ಚಿದ್ದು, ತಾತ್ಸಾರ ಕಡಿಮೆಯಾದದ್ದು, ಎದುರಿನವರನ್ನು ಮಾತಾಡಿಸುವ ಧೈರ್ಯ ಬಂದದ್ದು ಸ್ಪಷ್ಟವಾಗಿ ಕಂಡಿದೆ. ಅವರಿಂದ ನೆರವು ಪಡೆದವರ ಸ್ಥಿತಿ ಎಷ್ಟರಮಟ್ಟಿಗೆ ಸುಧಾರಿಸಿತು ಎನ್ನುವುದಕ್ಕೆ ಪುರಾವೆ ಇನ್ನೂ ತೆಳುವಾಗಿದೆ. ಮುಂದೆ ಕಳಿಸಲು ಜಾಗವೇ ಇಲ್ಲದಿದ್ದರೆ ಗುರುತಿಸಿ ಏನು ಪ್ರಯೋಜನ? ಅದೇ ತೀರ್ಪು ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ಪರಿಣತರ ಜೊತೆ ಔಪಚಾರಿಕ ಏರ್ಪಾಡು ಮಾಡಿಕೊಳ್ಳಬೇಕು ಎಂದೂ ಹೇಳಿದೆ. ತರಬೇತಿಯನ್ನೂ ಇದನ್ನೂ ಬೇರೆಬೇರೆಯಾಗಿ ಜಾರಿ ಮಾಡಿದರೆ ಎರಡೂ ನಿಷ್ಫಲ.

ನಮ್ಮ ರಾಜ್ಯದಲ್ಲಿ ಕಳಿಸಲು ಜಾಗವೇ ಇಲ್ಲವೆನ್ನುವ ಹಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವ ‘ಮನೋಚೈತನ್ಯ’ ಯೋಜನೆಯನ್ನು ಕರ್ನಾಟಕ ವರ್ಷಗಳ ಹಿಂದೆಯೇ ತಂದಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗಳಲ್ಲಿ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕಾಸು ಖರ್ಚಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು ಎನ್ನುವುದು ನಮ್ಮ ಸೀಮೆಗೆ ಮುಖ್ಯ. ಮೊಳಕಾಲ್ಮುರು, ತಳಕಿನ ಸುತ್ತಿನ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ದುಃಖ ತೋಡಿಕೊಳ್ಳುವಾಗ ಮನುಷ್ಯ ಒಲೆಯ ಮುಂದಿನ ಮಾತಿಗೇ ಹೋಗುತ್ತಾನೆ. ಈ ನಂಬರನ್ನು ಹಾಸ್ಟೆಲ್, ತರಗತಿ, ವೆಬ್‌ಸೈಟುಗಳಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಕೋರ್ಟ್ ಹೇಳಿದೆ. ಸ್ಕಾಲರ್‌ಶಿಪ್ ಕೌಂಟರಿನ ಗಾಜಿಗೂ ಅಂಟಿಸಲಿ ಎಂದು ನಾನು ಸೇರಿಸುತ್ತೇನೆ.

ಕನ್ನಡದಲ್ಲಿ ಪಾಠ ಹೇಳಲು ಸಾಮಗ್ರಿಯ ಕೊರತೆಯೂ ಇಲ್ಲ. ‘ಕೊರವಂಜಿ’ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದಾರೆ. ಹೀಗಿದ್ದೂ ಅಟೆಂಡರ್‌ಗಳನ್ನು ಕೂರಿಸಿ ಇಂಗ್ಲಿಷ್ ಸ್ಲೈಡು ತೋರಿಸುವುದಾದರೆ ಅದಕ್ಕೆ ಕ್ಷಮೆ ಇಲ್ಲ.

ಬಾಯಿ ಬಿಗಿಹಿಡಿಯುವ ಪಾಠ

ಚಿಕ್ಕ ಊರುಗಳಲ್ಲಿ ತರಬೇತಿಯ ಅರ್ಧ ಸಮಯವನ್ನು ಒಂದೇ ವಿಷಯಕ್ಕೆ ಕೊಡಬೇಕು: ಕೇಳಿದ್ದನ್ನು ಹರಡದಿರುವುದು. ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿ ಹುಡುಗಿ ಅತ್ತ ಸುದ್ದಿ ಅವಳಿಗಿಂತ ಮೊದಲೇ ಊರು ತಲುಪುವುದುಂಟು. ‘ಆ ಹುಡುಗಿಗೆ ತಲೆ ಸರಿ ಇಲ್ವಂತೆ’ ಎಂಬ ಒಂದು ಮಾತಿಗೆ ಓದು ನಿಲ್ಲುತ್ತದೆ, ಮದುವೆ ಮುರಿಯುತ್ತದೆ. ಅವಳ ಜೀವಕ್ಕೆ ಅಪಾಯವಿದ್ದರೆ ನೆರವಾಗಬೇಕಾದವರಿಗೆ ಹೇಳಲೇಬೇಕು. ಅವರನ್ನು ಬಿಟ್ಟು ಮತ್ತೊಬ್ಬರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಅದೇ ಕಾಯಿದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಪೊಲೀಸ್ ಕೇಸಾಗುತ್ತದೆ ಎಂಬ ಹಳೆಯ ಭಯಕ್ಕೆ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ವಾರ್ಡನ್‌ಗಳಿಗೆ ಈ ಸೆಕ್ಷನ್ನಿನ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕು.

ಇಷ್ಟೆಲ್ಲ ಹೊರೆ ಹೊರಿಸುತ್ತಿರುವ ಆ ನೌಕರರು ಹೇಗಿದ್ದಾರೆ ಎಂದು ಕೇಳುವವರು ಯಾರು? ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2023ರ ಕೊನೆಯಲ್ಲಿ ಅವರು ಸೇವಾಭದ್ರತೆ ಕೇಳಿ ವಾರಗಟ್ಟಲೆ ಬೀದಿಯಲ್ಲಿ ಕೂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದೆ ನಲವತ್ತು ದಾಟಿದ ಮೇಷ್ಟ್ರು ಪಾಠ ಮಾಡುತ್ತಿರುತ್ತಾರೆ. ಹಾಸ್ಟೆಲ್ ಅಡುಗೆಯವರು, ಕಾವಲುಗಾರರು, ಸ್ವಚ್ಛತೆಯವರು ಹೆಚ್ಚಿನವರು ಹೊರಗುತ್ತಿಗೆ. ಸಂಬಳ ತಡವಾಗುವುದು ಅವರಿಗೆ ಹೊಸದಲ್ಲ. ಇಂಥವರಿಗೆ ಇನ್ನೊಬ್ಬರ ಮನಸ್ಸು ನೋಡಿಕೊಳ್ಳಿ ಎನ್ನುವಾಗ ಅವರ ಮನಸ್ಸಿಗೂ ಒಂದು ಬಾಗಿಲು ತೆರೆದಿರಬೇಕು. ಆಪ್ತಸಮಾಲೋಚಕರ ಕೋಣೆಗೆ ಸಿಬ್ಬಂದಿಯೂ ಹೋಗಬಹುದು, ಹೋದದ್ದು ಸೇವಾ ಕಡತಕ್ಕೆ ಹತ್ತುವುದಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ತರಬೇತಿಯ ದಿನ ತನ್ನದೇ ನಿದ್ದೆಗೆಟ್ಟ ರಾತ್ರಿಗಳಿಗೆ ಒಂದು ಹೆಸರಿದೆ, ಮದ್ದಿದೆ ಎಂದು ಒಬ್ಬ ಗುಮಾಸ್ತರಿಗೆ ತಿಳಿದರೂ ಆ ದಿನ ವ್ಯರ್ಥವಾಗಲಿಲ್ಲ.

ತರಬೇತಿ ಎಲ್ಲಿ ನಡೆಸುವುದು ಎಂಬ ಪ್ರಶ್ನೆಗೆ ನಮ್ಮ ತಾಲ್ಲೂಕಿನಲ್ಲೇ ಒಂದು ಉತ್ತರವಿದೆ. ನಾಯಕನಹಟ್ಟಿ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರಕ್ಕೆ ಹತ್ತು ವರ್ಷಗಳಿಗೂ ಮೀರಿ ಶಿಕ್ಷಕರು ಬಂದು, ಉಳಿದುಕೊಂಡು, ವಿಜ್ಞಾನದ ಪ್ರಯೋಗಗಳನ್ನು ಕಲಿತು ಹೋಗುತ್ತಿದ್ದಾರೆ. ವಸತಿ ಇದೆ, ತರಗತಿ ಇದೆ, ಕಲಿಸುವ ಅಭ್ಯಾಸವಿದೆ. ದಾವಣಗೆರೆ ವಿಶ್ವವಿದ್ಯಾಲಯ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಹಾಸ್ಟೆಲ್‌ಗಳು, ಜಿಲ್ಲಾ ಮಾನಸಿಕ ಆರೋಗ್ಯ ತಂಡ ಸೇರಿ ಕೇಳಿಕೊಂಡರೆ, ಚಳ್ಳಕೆರೆ, ಮೊಳಕಾಲ್ಮುರಿನ ಹಾಸ್ಟೆಲ್ ಸಿಬ್ಬಂದಿಗೆ ಅಲ್ಲೇ ಎರಡು ದಿನ ಪಾಠ ಏರ್ಪಡಿಸುವುದು ಅಸಾಧ್ಯದ ಮಾತಲ್ಲ. ಹಾಸ್ಟೆಲ್‌ಗಳು ಯಾವ ಇಲಾಖೆಗೆ ಸೇರಿದರೂ ಮಾರ್ಗಸೂಚಿ ಅವಕ್ಕೂ ಅನ್ವಯಿಸುತ್ತದೆ.

ಯಾವಾಗ ಎಂಬುದೂ ಯೋಚಿಸಬೇಕಾದದ್ದೇ. ಒಂದು ತರಬೇತಿಯನ್ನು ಪ್ರವೇಶಾತಿ ಮುಗಿದು ಹೊಸಬರು ಹಾಸ್ಟೆಲ್ಲಿಗೆ ಬಂದ ತಿಂಗಳಲ್ಲಿ, ಇನ್ನೊಂದನ್ನು ಫಲಿತಾಂಶ ಬರುವ ಮುಂಚಿನ ವಾರಗಳಲ್ಲಿ ಇಡಬೇಕು. ಆ ಎರಡು ದಿನ ಅಡುಗೆಮನೆ ನಡೆಸಲು ಬದಲಿ ಜನ ಬೇಕು. ಹೊರಗುತ್ತಿಗೆಯವರು ತರಬೇತಿಗೆ ಕೂತ ದಿನಗಳನ್ನು ಏಜೆನ್ಸಿಯವರು ಗೈರುಹಾಜರಿ ಎಂದು ಹಿಡಿದು ಕೂಲಿ ಕತ್ತರಿಸದಂತೆ ಕುಲಸಚಿವರು ಮೊದಲೇ ಆದೇಶ ಮಾಡಿಡಬೇಕು.